ತಿರುಗಿಬಿದ್ದ ಹುಡುಗನಿಗೆ ಕಥೆಯಲ್ಲಿ ಶಿಕ್ಷೆ ಆಗಲೇಬೇಕೆ?

ಪ್ರಶ್ನೆ: ಶಿರಸಿ ಕಡೆಯ ಹದಿನೇಳರ ಹುಡುಗನೊಬ್ಬ ಅಪ್ಪನ ಮಾತು ಮೀರಿ, ಅವನ ಬೈಕ್ ಹತ್ತಿ ಕುಮಟಾ ಕಡಲಿಗೆ ಹೋಗುವ ಕಥೆ ಬರೆದಿದ್ದೇನೆ. ದೇವಿಮನೆ ಘಟ್ಟದಲ್ಲಿ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ, ಬುದ್ಧಿ ಬರುತ್ತದೆ. ಓದಿದವರೆಲ್ಲ ‘ಹೀಗೇ ಆಗುತ್ತೆ ಅಂತ ಮೊದಲೇ ಗೊತ್ತಿತ್ತು’ ಅಂತಾರೆ. ಏನೂ ಆಗದೆ ಮನೆಗೆ ಬಂದರೆ ಕಥೆ ಎಲ್ಲಿ ಉಳಿಯಿತು?

ಉತ್ತರ: ಘಟ್ಟದಲ್ಲಿ ಬೀಳಿಸಬೇಡಿ. ಅಪ್ಪನನ್ನು ಕೇಳಿಯೇ ಹೊರಟವನೂ ಆ ತಿರುವಿನಲ್ಲಿ ಜಾರಬಹುದು. ಹುಡುಗ ಮಾಡಿದ್ದಕ್ಕೂ ಅವನಿಗೆ ಆದದ್ದಕ್ಕೂ ನಂಟೇ ಇಲ್ಲದಿದ್ದರೆ, ಅದು ಲೇಖಕರು ಕೈಯಾರೆ ಕೊಟ್ಟ ಪೆಟ್ಟಿನಂತೆ ಕಾಣುತ್ತದೆ. ಓದುಗರು ಹಿಡಿದದ್ದು ಅದನ್ನೇ.

ನಿಮ್ಮ ಕಥೆಗೆ ಬೇಕಾದದ್ದು ಕಾನೂನಿನಲ್ಲೇ ಇದೆ. ಹುಡುಗ ಸುಸೂತ್ರವಾಗಿ ಘಟ್ಟ ಇಳಿಯಲಿ, ಕುಮಟಾದಲ್ಲಿ ಪೊಲೀಸರ ಕೈಗೆ ಸಿಗಲಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಕಲಂ ಸೇರಿತು. ಅಪ್ರಾಪ್ತನ ತಪ್ಪಿಗೆ ಪಾಲಕನೋ ವಾಹನದ ಮಾಲೀಕನೋ ಹೊಣೆ: 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಬೈಕಿನ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಈ ಅಂಕಿಗಳನ್ನು ಕಥೆಗೆ ತುರುಕಬೇಡಿ. ಕಥೆ ಇರುವುದು ಅದೇ ಕಲಮಿನ ಇನ್ನೊಂದು ಮಾತಿನಲ್ಲಿ. ಪಾಲಕನ ಒಪ್ಪಿಗೆಯಿಂದಲೇ ಗಾಡಿ ಹೋಯಿತೆಂದು ನ್ಯಾಯಾಲಯ ಭಾವಿಸುತ್ತದೆ. ತನಗೆ ಗೊತ್ತಿಲ್ಲದೆ ನಡೆಯಿತೆಂದು ಅವನು ಸಾಬೀತು ಮಾಡಿದರೆ ಶಿಕ್ಷೆಯಿಂದ ಪಾರು. ಅಂದರೆ ಅಪ್ಪ ಬಚಾವಾಗಬೇಕಾದರೆ ಮಗ ಕದ್ದು ಒಯ್ದ ಅನ್ನಬೇಕು. ಬಸ್ಸು ಹಿಡಿದು ಘಟ್ಟ ಇಳಿದು ಬಂದ ಅಪ್ಪ, ಠಾಣೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗದೆ ಒಂದು ಕಾಲಿನದನ್ನು ಮಾತ್ರ ಬಿಟ್ಟು ನಿಂತಿದ್ದಾನೆ. ಕೇಳಿದ್ದಕ್ಕೆ ಅವನ ಉತ್ತರ: “ಚಾವಿ ನಾನೇ ಕೊಟ್ಟಿದ್ದೆ ಸರ್.”

ಸುಳ್ಳು. ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಹಿಂಡಿ ತರಲು ಇದೇ ಬೈಕು ಕೊಟ್ಟು ಮಗನನ್ನು ಪೇಟೆಗೆ ಅಟ್ಟಿದ್ದು ಅವನೇ. ಆಗ ಮಗನ ವಯಸ್ಸು ಯಾರ ತಲೆಗೂ ಬಂದಿರಲಿಲ್ಲ. ಹುಡುಗನ ಸಿಟ್ಟೂ ಇಲ್ಲಿಂದಲೇ ಹುಟ್ಟಲಿ: ಕೆಲಸಕ್ಕೆ ದೊಡ್ಡವನು, ತಿರುಗಾಟಕ್ಕೆ ಸಣ್ಣವನು, ಇದ್ಯಾವ ನ್ಯಾಯ? ಮೊದಲ ಪುಟದಲ್ಲೇ ಓದುಗರು ಅವನ ಪಕ್ಷ ವಹಿಸಬೇಕು. ಠಾಣೆಯಲ್ಲಿ ಅಪ್ಪ ಆಡಿದ ಆ ಒಂದು ಮಾತಿನ ಮೇಲೆ ಅವನಿಗೆ ಸಿಟ್ಟು ಮಾಡಲೂ ಆಗುವುದಿಲ್ಲ, ಉಪಕಾರ ಅನ್ನಲೂ ಬಾಯಿ ಬರುವುದಿಲ್ಲ. ಈ ಭಾಗಕ್ಕೆ ಎಷ್ಟು ಪುಟ ಬೇಕೋ ಅಷ್ಟು ಕೊಡಿ.

ಆಮೇಲಿನದು ಚಿಕ್ಕದಾಗಿದ್ದರೂ ಸಾಕು. ಬೈಕು ಕೊಟ್ಟಿಗೆಯ ಮಾಡಿನಡಿ ನಿಂತಿದೆ. ಅಪ್ಪ ಹಾಲಿನ ಕ್ಯಾನು ಹಿಡಿದು ನಡೆದೇ ಡೈರಿಗೆ ಹೋಗುತ್ತಾನೆ, ಬೈಯುವುದಿಲ್ಲ. ಆಯಿ ಮಾತ್ರ ದೋಸೆ ಹಾಕುತ್ತ, “ತಮಾ, ನಾಳೆಯಿಂದ ಹಾಲು ನೀನೇ ತಗಂಡು ಹೋಗು” ಅನ್ನಬಹುದು.

ಅಂದಹಾಗೆ, ಇದೇ ಕಥೆ ಕಾರವಾರದ ಹುಡುಗಿಯದಾಗಿದ್ದರೆ ಪೊಲೀಸರೂ ಬೇಕಿರಲಿಲ್ಲ. ಕ್ಲಾಸು ತಪ್ಪಿಸಿ ಟಾಗೋರ್ ಕಡಲತೀರದಲ್ಲಿ ಕೂತದ್ದನ್ನು ಗುರುತಿನವರೊಬ್ಬರು ಕಂಡಿದ್ದರೆ, ಸಂಜೆಯೊಳಗೆ ಕಾಲೇಜು ಬಿಡಿಸುವ ಮಾತೇ ಏಳುತ್ತಿತ್ತು. ಅದನ್ನೂ ಒಮ್ಮೆ ಬರೆಯಿರಿ.

ಕೊನೆಯಲ್ಲಿ ಮಗ ಅಳುತ್ತ ಕ್ಷಮೆ ಕೇಳುವ ಪ್ಯಾರಾ ಇದ್ದರೆ ಹೊಡೆದು ಹಾಕಿ. ಇನ್ನೊಂದು ಮಾತು: ಪೊಲೀಸರು ಅವನನ್ನು ಹಿಡಿಯುವುದು ಹೋಗುವಾಗ ಅಲ್ಲ, ವಾಪಸ್ ಬರುವಾಗ. ಅಷ್ಟರಲ್ಲಿ ಅವನು ಕಡಲಲ್ಲಿ ಮನಸಾರೆ ಮಿಂದು, ಅಂಗಿ ಒಣಗಿಸಿಕೊಂಡು, ಕೈಯಲ್ಲಿದ್ದ ದುಡ್ಡಿಗೆ ಏನಾದರೂ ತಿಂದಿರಲಿ. ಕಡಲು ಕಾಣುವ ಮೊದಲೇ ಸಿಕ್ಕಿಬಿದ್ದರೆ ‘ಹೋಗಲೇಬಾರದಿತ್ತು’ ಅಂದುಕೊಳ್ಳುವುದು ಅವನಿಗೆ ತೀರ ಸುಲಭವಾಗಿಬಿಡುತ್ತದೆ.