ಸಸ್ಯಲಕ್ಷಣ: ಕಡುಚಳಿಯಲ್ಲಿ ಕುಗ್ಗುವುದು ಎತ್ತರ, ಎಲೆಯ ವೈವಿಧ್ಯವಲ್ಲ

ಗಿಡದಲ್ಲಿ ಅಳೆದು ಅಂಕಿಯಲ್ಲಿ ಬರೆದಿಡಬಹುದಾದ, ಅದರ ಉಳಿವು-ಬೆಳವಣಿಗೆಗೆ ಸಂಬಂಧಪಟ್ಟ ಗುಣವೇ ಸಸ್ಯಲಕ್ಷಣ. ಎತ್ತರ, ಬೀಜದ ತೂಕ ಇವು ಗಾತ್ರಕ್ಕೆ ಸೇರಿದವು. ಎಲೆಯ ದಪ್ಪ, ಆಯುಷ್ಯ, ಸಾರಜನಕದ ಪ್ರಮಾಣ ಇವು ಗಿಡ ತನ್ನ ಗಳಿಕೆಯನ್ನು ಹೇಗೆ ಖರ್ಚು ಮಾಡುತ್ತದೆ ಎಂಬುದನ್ನು ತೋರಿಸುತ್ತವೆ.

ಉತ್ತರ ಧ್ರುವದ ಸುತ್ತಲಿನ ಮರಗಳಿಲ್ಲದ ಚಳಿನಾಡಾದ ಆರ್ಕ್ಟಿಕ್ ಟಂಡ್ರಾದಲ್ಲಿ ಬಿಗಿ ಕಡಿವಾಣ ಬೀಳುವುದು ಗಾತ್ರಕ್ಕೆ. ಸ್ಯಾಲಿಕ್ಸ್ ಹರ್ಬೇಸಿಯಾ ಎಂಬ ಗಿಡ ಮರ-ಪೊದೆಗಳಾಗಿ ಬೆಳೆಯುವ ವಿಲ್ಲೋ ಜಾತಿಯದೇ ಆದರೂ ನೆಲದಿಂದ ಕೆಲವೇ ಸೆಂಟಿಮೀಟರ್ ಮೇಲೇಳುತ್ತದೆ. ಆಹಾರ ಸಾಲದೆ ಹೀಗಾಗುತ್ತದೆ ಎಂದು ಹೇಳಿಬಿಡುವುದು ಸುಲಭ, ಆದರೆ ಮುಖ್ಯ ಕಾರಣ ಅದಲ್ಲ. ದ್ಯುತಿಸಂಶ್ಲೇಷಣೆ 0 ಡಿಗ್ರಿ ಸೆಲ್ಸಿಯಸ್ ಹತ್ತಿರದಲ್ಲೂ ಅಷ್ಟಿಷ್ಟು ನಡೆಯುತ್ತದೆ. ಹೊಸ ಅಂಗಾಂಶ ಕಟ್ಟುವ ಕೆಲಸ ಮಾತ್ರ 5 ಡಿಗ್ರಿಯ ಆಸುಪಾಸಿನಲ್ಲೇ ಬಹುತೇಕ ನಿಂತುಬಿಡುತ್ತದೆ. ಸಕ್ಕರೆ ಇರುತ್ತದೆ, ಬಳಸಲಾಗುವುದಿಲ್ಲ. ಹಾಗಾಗಿ ನೆಲಕ್ಕಂಟಿ ಬೆಳೆಯುವುದೇ ಲಾಭ: ಬಿಸಿಲಿರುವಾಗ ಸೈಲೀನ್ ಅಕಾಲಿಸ್‌ನಂಥ ದಿಂಬಿನಾಕಾರದ ಗಿಡದ ಮೈ ಗಾಳಿಗಿಂತ 10 ಡಿಗ್ರಿಗೂ ಹೆಚ್ಚು ಬೆಚ್ಚಗಾಗಬಲ್ಲದು. ಹಿಮದ ಹೊದಿಕೆ ದಾಟಿ ಚಾಚಿದ ರೆಂಬೆ ಚಳಿಗಾಲದ ಗಾಳಿಗೆ ಒಣಗುತ್ತದೆ, ತೂರಿಬರುವ ಹಿಮಕಣಗಳಿಗೆ ತರಚಿಹೋಗುತ್ತದೆ.

ಎಲೆಯ ವಿಷಯಕ್ಕೆ ಬಂದರೆ, ಟಂಡ್ರಾದ ವೈವಿಧ್ಯ ಇಡೀ ಜಗತ್ತಿನದಕ್ಕೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ. ಗಾಳಿಗೊಡ್ಡಿದ ದಿಣ್ಣೆಯ ಮೇಲೆ ಡ್ರಯಾಸ್ ಆಕ್ಟೊಪೆಟಾಲದ ಪುಟ್ಟ ಗಡಸು ಎಲೆ. ಅದೇ ಇಳಿಜಾರಿನಲ್ಲಿ ಹಿಮ ತಡವಾಗಿ ಕರಗುವ ತೇವದ ತಗ್ಗಿನಲ್ಲಿ ಆಕ್ಸಿರಿಯಾ ಡಿಗೈನದ ಮೆದುವಾದ ರಸಭರಿತ ಎಲೆ. ಚಳಿ ಎರಡಕ್ಕೂ ಇದೆ. ಹಿಮದ ಆಳ, ತೇವ, ಮಣ್ಣಿನ ಸಾರಜನಕ ಬೇರೆ ಬೇರೆ. ಒಂದೇ ಪ್ರಭೇದದೊಳಗೂ ವ್ಯತ್ಯಾಸವಿದೆ: ಇದೇ ಆಕ್ಸಿರಿಯಾದ ಆರ್ಕ್ಟಿಕ್ ಗಿಡಗಳಲ್ಲಿ ದಕ್ಷಿಣದ ಎತ್ತರದ ಪರ್ವತಗಳ ಗಿಡಗಳಿಗಿಂತ ಕ್ಲೋರೋಫಿಲ್ ಹೆಚ್ಚು ಎಂದು ಸಸ್ಯವಿಜ್ಞಾನಿಗಳಾದ ಮೂನಿ ಮತ್ತು ಬಿಲ್ಲಿಂಗ್ಸ್ 1961ರಲ್ಲೇ ತೋರಿಸಿದ್ದರು. ಆದ್ದರಿಂದ ಸಸ್ಯಲಕ್ಷಣಗಳ ದತ್ತಾಂಶ ಕೋಶದಲ್ಲಿರುವ ಪ್ರಭೇದದ ಸರಾಸರಿಯನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬಾರದು.

ಹೆಚ್ಚಾಗಿ ಅಳೆಯುವುದು ನಿರ್ದಿಷ್ಟ ಎಲೆ ವಿಸ್ತೀರ್ಣವನ್ನು: ತಾಜಾ ಎಲೆಯ ವಿಸ್ತೀರ್ಣ ಭಾಗಿಸು ಒಣತೂಕ. ಕಿತ್ತ ಎಲೆಯನ್ನು ಒದ್ದೆ ಕಾಗದದಲ್ಲಿ ಸುತ್ತಿ, ಬಾಡುವ ಮೊದಲೇ ಸ್ಕ್ಯಾನ್ ಮಾಡಿ, 70 ಡಿಗ್ರಿಯಲ್ಲಿ 72 ಗಂಟೆ ಒಣಗಿಸಿ ತೂಗಬೇಕು. ತೀರಾ ಚಿಕ್ಕ ಎಲೆಗಳನ್ನು ಹತ್ತಿಪ್ಪತ್ತು ಒಟ್ಟಿಗೆ ತೂಗದಿದ್ದರೆ ತಕ್ಕಡಿಯ ದೋಷವೇ ಲೆಕ್ಕವನ್ನು ನುಂಗುತ್ತದೆ. ಡ್ರಯಾಸ್ ಎಲೆಯ ಅಂಚು ಒಳಕ್ಕೆ ಮಡಚಿರುತ್ತದೆ. ಗಾಜಿನ ಕೆಳಗೆ ಒತ್ತಿ ಬಿಡಿಸದೆ ಸ್ಕ್ಯಾನ್ ಮಾಡಿದರೆ 20 ಮಿಲಿಗ್ರಾಂ ತೂಗುವ, 200 ಚದರ ಮಿಲಿಮೀಟರ್ ಎಲೆ 150 ಎಂದು ದಾಖಲಾಗಿ, ಮೌಲ್ಯ 10ರಿಂದ 7.5ಕ್ಕೆ ಇಳಿಯುತ್ತದೆ. ಆ ಇಳಿಕೆಗೆ ಚಳಿ ಕಾರಣವಲ್ಲ, ಮಡಿಕೆ ಕಾರಣ.