ಸೈಕಲ್ ಮೇಲಿದ್ದಾಗ ಏನೂ ಆಗಲ್ಲ, ಇಳಿದ ತಕ್ಷಣ ತಲೆ ಸುತ್ತುತ್ತೆ, ಯಾಕೆ?

ಪ್ರಶ್ನೆ: ಭಾನುವಾರ ಬೆಳಿಗ್ಗೆ 30 ಕಿಲೋಮೀಟರ್ ಸೈಕಲ್ ತುಳೀತೀನಿ. ಏಪ್ರಿಲ್ ಶುರುವಾದ್ಮೇಲೆ ಓಡಿಸೋವಾಗ ಬಿಸಿಲು ಅಷ್ಟಾಗಿ ಗೊತ್ತಾಗಲ್ಲ, ಟೀ ಅಂಗಡಿ ಹತ್ರ ಇಳಿದ್ರೆ ಬೆವರು ಸುರಿಯುತ್ತೆ, ಕಣ್ಣು ಕತ್ತಲೆ ಬರುತ್ತೆ. ಮಳೆಗಾಲದವರೆಗೂ ಸೈಕಲ್ ಬಿಟ್ಬಿಡ್ಲಾ?

ಬಿಡೋದು ಬೇಡ. ನೀವು ಸೈಕಲ್ ನಿಲ್ಸೋ ರೀತಿ ಬದಲಾಯಿಸ್ಕೊಳ್ಳಿ ಸಾಕು.

ನಾವು ತುಳಿಯೋವಾಗ ಖರ್ಚಾಗೋ ಶಕ್ತೀಲಿ ಪೆಡಲ್‌ಗೆ ಹೋಗೋದು ಕಾಲು ಭಾಗಕ್ಕಿಂತ ಕಡಿಮೆ, ಮಿಕ್ಕಿದ್ದೆಲ್ಲ ಮೈಯೊಳಗೆ ಶಾಖ ಆಗುತ್ತೆ. ಆ ಶಾಖ ಆಚೆ ಹಾಕೋದು ಬೆವರು, ಅದೂ ಆರಿದ್ರೆ ಮಾತ್ರ, ಕೆಳಗೆ ತೊಟ್ಟಿಕ್ಕಿದ್ರೆ ಪ್ರಯೋಜನ ಇಲ್ಲ. ಗಂಟೆಗೆ 20 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿದ್ರೆ ಎದುರುಗಾಳಿ ಬೆವರನ್ನ ಹುಟ್ಟಿದ ಹಾಗೇ ಆರಿಸ್ತಿರುತ್ತೆ, ಅದಕ್ಕೇ ಬೆವರ್ತಿರೋದೇ ಗೊತ್ತಾಗಲ್ಲ. ಇಳಿದ್ರಿ, ಗಾಳಿ ನಿಂತ್ಹೋಯ್ತು, ಒಳಗಿನ ಕಾವು ಹಾಗೇ ಇದೆ, ಬೆವರು ಬರ್ತಾನೇ ಇದೆ ಆದ್ರೆ ಆರ್ತಿಲ್ಲ. ಟೀ ಅಂಗಡಿ ಮುಂದೆ ಕಾಣೋ ಬೆವರು ಅಷ್ಟು ಹೊತ್ತಿಂದ ಹೋಗ್ತಾನೇ ಇತ್ತು.

ತಲೆ ಸುತ್ತೋದು ಇದರ ಜೊತೆ ಸೇರ್ಕೊಳ್ಳೋ ಇನ್ನೊಂದು ವಿಷ್ಯ. ಸೆಕೆಗೆ ಚರ್ಮದ ರಕ್ತನಾಳ ಹಿಗ್ಗಿರುತ್ತೆ, ತುಳಿದು ತುಳಿದು ಕಾಲಿಂದೂ ಹಿಗ್ಗಿರುತ್ತೆ, ಆದ್ರೂ ತೊಡೆ ಮತ್ತೆ ಮೀನಖಂಡ ಪ್ರತಿ ಸುತ್ತಿಗೂ ರಕ್ತಾನ ಹಿಂಡಿ ಮೇಲಕ್ಕೆ ಕಳಿಸ್ತಿರೋದ್ರಿಂದ ಎಲ್ಲ ಸರಿ ಇರುತ್ತೆ. ದಡಕ್ಕನೆ ಇಳಿದು ಸೈಕಲ್‌ಗೆ ಒರಗಿ ನಿಂತ್ರೆ ಆ ಪಂಪು ಬಂದ್, ರಕ್ತ ಕಾಲಲ್ಲೇ ಉಳಿಯುತ್ತೆ, ಬಿಪಿ ಇಳಿಯುತ್ತೆ, ತಲೆಗೆ ಸಾಲಲ್ಲ. ನೀರು ಕಡಿಮೆ ಕುಡಿದಿದ್ರಂತೂ ಇನ್ನೂ ಜಾಸ್ತಿ. ನನಗೂ ಒಂದ್ಸಲ ಹೀಗಾಗಿ ಅಂಗಡಿ ಕಟ್ಟೆ ಹಿಡ್ಕೊಂಡು ಕೂತಿದ್ದೆ, ಅವತ್ತಿಂದ ಕೊನೆ 10 ನಿಮಿಷ ಹಗುರ ಗೇರಲ್ಲಿ ಸುಮ್ನೆ ಕಾಲು ಆಡಿಸ್ಕೊಂಡು ಬರ್ತೀನಿ, ಇಳಿದ್ಮೇಲೂ ನಾಲ್ಕು ಹೆಜ್ಜೆ ನಡೆದು ಆಮೇಲೆ ನೆರಳಲ್ಲಿ ಕೂರ್ತೀನಿ, ಕತ್ತಿಗೆ ಮೊಣಕೈಗೆ ನೀರು ಹಾಕ್ಕೋತೀನಿ. ತಲೆ ಸುತ್ತಿದ್ರೆ ನಾಚ್ಕೋಬೇಡಿ, ಅಲ್ಲೇ ಮಲಗಿ ಕಾಲು ಎತ್ತರಕ್ಕಿಡಿ.

ನಂದಿಬೆಟ್ಟ ಹತ್ತೋರು ಇನ್ನೂ ಹುಷಾರಾಗಿರ್ಬೇಕು. ಏರಲ್ಲಿ ಸ್ಪೀಡು 8–9ಕ್ಕೆ ಇಳಿಯುತ್ತೆ, ಶ್ರಮ ದುಪ್ಪಟ್ಟು, ಗಾಳಿ ಮಾತ್ರ ಇಲ್ಲ. ಸಪಾಟು ರಸ್ತೇಲೂ ಹಿಂದಿನಿಂದ ಗಾಳಿ ಬೀಸ್ತಿದ್ರೆ ಹಾಗೇ, ಆರಾಮಾಗಿ ಹೋಗ್ತಿದೀವಿ ಅನ್ಸುತ್ತೆ ಆದ್ರೆ ಮೈಗೆ ಗಾಳಿನೇ ತಾಗ್ತಿರಲ್ಲ. ಊರಿಂದ ಊರಿಗೂ ಬೇರೆ: ಮಂಗಳೂರಲ್ಲಿ ಹವೆಯೇ ಒದ್ದೆ, ಬೆವರು ಆರಲ್ಲ. ಕಲಬುರಗಿ, ರಾಯಚೂರು ಕಡೆ ಒಣ ಬಿಸಿಲು, ಬೆವರು ಕಾಣ್ಸೋದೇ ಇಲ್ಲ, ಅಂಗಿ ಮೇಲೆ ಉಪ್ಪಿನ ಬಿಳಿ ಗೆರೆ ನೋಡಿದ್ಮೇಲೇ ಗೊತ್ತಾಗೋದು.

ನೀರು ಎಷ್ಟು ಅಂತ ತಿಳಿಯೋಕೆ ಹೊರಡೋ ಮುಂಚೆ, ಬಂದ್ಮೇಲೆ ತೂಕ ನೋಡ್ಕೊಳ್ಳಿ. ಒಂದು ಕೆಜಿ ಇಳಿದಿದ್ರೆ ಕುಡಿದಿದ್ದು ಬಿಟ್ಟು ಇನ್ನೂ ಹೆಚ್ಚೂಕಮ್ಮಿ ಒಂದು ಲೀಟರ್ ಬಾಕಿ ಅಂತ. ತೂಕ ಏರಿದ್ರೆ ಅತಿಯಾಗಿ ಕುಡಿದಿದೀರ, ಬರೀ ನೀರು ಹಾಗೆ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದೂ ಅಪಾಯ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ, ಹಾಗಾಗಿ ನನ್ನ ಓಟು ಉಪ್ಪು ಹಾಕಿದ ನೀರು ಮಜ್ಜಿಗೆಗೆ.

ಜೊತೇಲಿರೋರು ತೊದಲೋಕೆ, ಅಡ್ಡಾದಿಡ್ಡಿ ಮಾತಾಡೋಕೆ ಶುರು ಮಾಡಿದ್ರೆ ಅದು ಬರೀ ಸುಸ್ತಲ್ಲ, ಬೆವರ್ತಿದ್ರೂ ಸರಿ, ಮೈಮೇಲೆಲ್ಲ ನೀರು ಸುರೀರಿ, 108ಕ್ಕೆ ಫೋನ್ ಮಾಡಿ. ಇನ್ನು ನಿಮಗೆ, ನಿಧಾನಕ್ಕೆ ನಿಲ್ಸಿದ್ರೂ ಕಣ್ಣು ಕತ್ತಲೆ ಬರ್ತಿದ್ರೆ, ಅಥವಾ ಬಿಪಿ ಮಾತ್ರೆ ತಗೋತಿದ್ರೆ, ಮುಂದಿನ ಭಾನುವಾರಕ್ಕೆ ಮುಂಚೆ ಒಂದ್ಸಲ ಡಾಕ್ಟರಿಗೆ ತೋರಿಸ್ಬಿಡಿ.