ಚಿಕ್ಕದರ ತೂಕ

ಹೊರಡುವ ಹೊತ್ತಿಗೆ ಬೀಗದ ಕೈ ಸಿಗುವುದಿಲ್ಲ. ಹುಡುಕಿ ಹುಡುಕಿ ಹತ್ತು ನಿಮಿಷ ಹೋಗುತ್ತದೆ. ಆ ಅವಸರದಲ್ಲಿ ಮನೆಯವರ ಮೇಲೆ ಒಂದು ಮಾತು ಜೋರಾಗಿ ಬಂದುಬಿಡುತ್ತದೆ. ಬೀಗದ ಕೈ ಸಿಕ್ಕಿದ ಮೇಲೂ ಆ ಮಾತು ಮಧ್ಯಾಹ್ನದವರೆಗೆ ಮನಸ್ಸಿನಲ್ಲೇ ಕೂತಿರುತ್ತದೆ. ಸಂಜೆ ಯಾರಾದರೂ ‘ಇವತ್ತು ಹೇಗಿತ್ತು?’ ಎಂದು ಕೇಳಿದರೆ ‘ಏನೂ ವಿಶೇಷ ಇಲ್ಲ’ ಎನ್ನುತ್ತೇವೆ. ನಿಜ, ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲ. ಆದರೂ ಸುಸ್ತಾಗಿದೆ.

ಈ ಸುಸ್ತು ಎಲ್ಲಿಂದ ಬರುತ್ತದೆ ಎಂದು ವಿಜ್ಞಾನಿಗಳು ಕೇಳಿಕೊಂಡದ್ದು ಸ್ವಲ್ಪ ತಡವಾಗಿ. ಮೊದಲು ಅವರ ಗಮನ ಇದ್ದದ್ದು ದೊಡ್ಡ ಪೆಟ್ಟುಗಳ ಮೇಲೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬಿಬ್ಬರು ಬದುಕನ್ನು ಅಲುಗಾಡಿಸುವ 43 ಘಟನೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100. ಮದುವೆಗೂ 50 ಅಂಕ ಇತ್ತು, ಏಕೆಂದರೆ ಸಂತೋಷದ ಬದಲಾವಣೆಗೂ ಮನಸ್ಸು ಹೊಂದಿಕೊಳ್ಳಬೇಕಲ್ಲ. ವರ್ಷದಲ್ಲಿ ಅಂಕ ಜಾಸ್ತಿಯಾದಷ್ಟೂ ಕಾಯಿಲೆ ಬೀಳುವ ಸಾಧ್ಯತೆ ಜಾಸ್ತಿ ಎಂಬುದು ಅವರ ಲೆಕ್ಕ.

ರಿಚರ್ಡ್ ಲಜಾರಸ್ ಎಂಬ ಮನೋವಿಜ್ಞಾನಿಗೆ ಮತ್ತು ಅವರ ಜೊತೆಯವರಿಗೆ ಈ ಲೆಕ್ಕ ಸಾಲದೆನಿಸಿತು. ಸಾವು, ವಿಚ್ಛೇದನ, ಕೆಲಸ ಹೋಗುವುದು ಇವೆಲ್ಲ ಅಪರೂಪಕ್ಕೆ ಆಗುವಂಥವು. ಉಳಿದ ದಿನಗಳ ಕಥೆ ಏನು? ಅವರು 117 ಕಿರಿಕಿರಿಗಳ ಒಂದು ಪಟ್ಟಿ, 135 ಸಣ್ಣ ಖುಷಿಗಳ ಇನ್ನೊಂದು ಪಟ್ಟಿ ಮಾಡಿದರು. ಮಧ್ಯವಯಸ್ಸಿನ 100 ಜನರಿಗೆ ಅದನ್ನು ತಿಂಗಳು ತಿಂಗಳೂ ಕೊಟ್ಟು ಗುರುತು ಹಾಕಿಸಿದರು. ಜನ ಜಾಸ್ತಿ ಗುರುತು ಹಾಕಿದ ಕಿರಿಕಿರಿಗಳನ್ನು ನೋಡಿ: ದೇಹದ ತೂಕದ ಚಿಂತೆ, ಮನೆಯವರ ಆರೋಗ್ಯ, ಏರುವ ಬೆಲೆ, ಮುಗಿಯದಷ್ಟು ಕೆಲಸ, ವಸ್ತುಗಳನ್ನು ಎಲ್ಲೋ ಇಟ್ಟು ಮರೆಯುವುದು. ಹೌದು, ಕಳೆದುಹೋದ ಬೀಗದ ಕೈಗೆ ವಿಜ್ಞಾನದ ಪತ್ರಿಕೆಯಲ್ಲೂ ಜಾಗ ಸಿಕ್ಕಿದೆ! 1981ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯಾರ ಮನಸ್ಸು ಎಷ್ಟು ಕುಗ್ಗಿದೆ ಎಂದು ತಿಳಿಯಲು ದೊಡ್ಡ ಘಟನೆಗಳಿಗಿಂತ ಈ ಕಿರಿಕಿರಿಗಳೇ ಹೆಚ್ಚು ನೆರವಾದವು.

ನನಗೆ ಇದನ್ನು ಮೊದಲ ಸಲ ಓದಿದಾಗ ಒಂಥರಾ ಸಮಾಧಾನವಾಗಿತ್ತು. ‘ಇಷ್ಟಕ್ಕೆಲ್ಲ ಯಾಕೆ ಬೇಜಾರು’ ಎಂದು ನಮ್ಮನ್ನು ನಾವೇ ಗದರಿಸಿಕೊಳ್ಳುತ್ತೇವಲ್ಲ, ಅದರ ಅಗತ್ಯ ಇಲ್ಲ. ಇಷ್ಟಿಷ್ಟೇ ಸೇರಿ ಅಷ್ಟಾಗುತ್ತದೆ. ಅಲ್ಲಿಂದಲೇ ಇನ್ನೊಂದು ಪ್ರಶ್ನೆಯೂ ಹುಟ್ಟಿತು. ಸಣ್ಣ ಕಿರಿಕಿರಿಗೆ ಇಷ್ಟು ತೂಕ ಇದ್ದರೆ, ಸಣ್ಣ ಖುಷಿಗೂ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ತೂಕ ಇರಬಹುದೇ?

ಅದಕ್ಕೆ ಮೊದಲು ಒಂದು ಮಾತು. ಮನಸ್ಸಿನ ಏರಿಳಿತಕ್ಕೆಲ್ಲ ಕಾರಣ ಹುಡುಕಬೇಕಾಗಿಲ್ಲ. ಸ್ಕಾಟ್ ಗೋಲ್ಡರ್ ಮತ್ತು ಮೈಕಲ್ ಮೇಸಿ 84 ದೇಶಗಳ ಸುಮಾರು 24 ಲಕ್ಷ ಜನ ಟ್ವಿಟರ್‌ನಲ್ಲಿ ಬರೆದ 50 ಕೋಟಿಗೂ ಹೆಚ್ಚು ಸಂದೇಶಗಳನ್ನು ಗಂಟೆಗಂಟೆಯ ಲೆಕ್ಕದಲ್ಲಿ ಪರಿಶೀಲಿಸಿ 2011ರಲ್ಲಿ ವರದಿ ಮಾಡಿದರು. ಬೆಳಿಗ್ಗೆ ಜನ ಲವಲವಿಕೆಯಿಂದ ಬರೆಯುತ್ತಾರೆ, ದಿನ ಏರಿದಂತೆ ಅದು ಇಳಿಯುತ್ತದೆ, ಸಂಜೆಯಾದ ಮೇಲೆ ಮತ್ತೆ ಏರುತ್ತದೆ. ಕೆಲಸದ ಒತ್ತಡ ಇದಕ್ಕೆ ಕಾರಣ ಎನ್ನೋಣ ಎಂದರೆ ರಜೆಯ ದಿನವೂ ಹಾಗೇ. ಬೆಳಗಿನ ಏರು ಮಾತ್ರ ಸುಮಾರು ಎರಡು ಗಂಟೆ ತಡವಾಗಿ ಬರುತ್ತದೆ, ಬಹುಶಃ ಜನ ತಡವಾಗಿ ಏಳುವುದರಿಂದ. ನಿದ್ದೆ, ಬೆಳಕು, ದೇಹದೊಳಗಿನ ಗಡಿಯಾರ ಎಲ್ಲ ಸೇರಿ ಮನಸ್ಸನ್ನು ಎತ್ತುತ್ತವೆ, ಇಳಿಸುತ್ತವೆ. ಮಧ್ಯಾಹ್ನ ಮೂರು ಗಂಟೆಗೆ ಬದುಕೇ ಸಪ್ಪೆ ಎನಿಸಿದರೆ ಬದುಕಿನ ಬಗ್ಗೆ ತೀರ್ಮಾನ ಮಾಡುವ ಮೊದಲು ಸಂಜೆಯವರೆಗೆ ಕಾಯುವುದು ಒಳ್ಳೆಯದು.

ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಮೇಲೇಳದಿದ್ದರೆ, ಊಟ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿಯೇ ಇಲ್ಲದಿದ್ದರೆ ಅದು ಬೇರೆ ವಿಷಯ. ಅದು ಖಿನ್ನತೆಯ ಲಕ್ಷಣ ಇರಬಹುದು. ಅಂಥವರು ವೈದ್ಯರನ್ನು ಕಾಣಲೇಬೇಕು. ನಾನು ಇಲ್ಲಿ ಹೇಳುತ್ತಿರುವುದು ಎಲ್ಲರಿಗೂ ಬರುವ, ಬಂದು ಹೋಗುವ ಏರಿಳಿತದ ಬಗ್ಗೆ ಮಾತ್ರ.

ಸಣ್ಣ ಖುಷಿಯ ಬೆಲೆ ಗೊತ್ತಾಗಬೇಕಾದರೆ ದೊಡ್ಡ ಖುಷಿ ಸಿಕ್ಕವರನ್ನು ಕೇಳಬೇಕು. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಇಬ್ಬರು ಸಹೋದ್ಯೋಗಿಗಳು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದರು. ಸ್ನೇಹಿತರ ಜೊತೆ ಹರಟೆ, ಬೆಳಗಿನ ತಿಂಡಿ, ಒಂದು ತಮಾಷೆಯ ಮಾತು, ಯಾರೋ ಹೊಗಳಿದ್ದು ಇಂಥವು ಎಷ್ಟು ಖುಷಿ ಕೊಡುತ್ತವೆ ಎಂದು ಕೇಳಿದರು. ಗೆದ್ದವರು ಕೊಟ್ಟ ಅಂಕ ಲಾಟರಿ ಗೆಲ್ಲದ ಸಾಮಾನ್ಯ ಜನ ಕೊಟ್ಟದ್ದಕ್ಕಿಂತ ಕಡಿಮೆ. ದೊಡ್ಡ ಖುಷಿಯ ಪಕ್ಕದಲ್ಲಿ ಸಣ್ಣವು ಮಂಕಾಗಿದ್ದವು. ಇದು ಬಹಳ ಸಣ್ಣ ಅಧ್ಯಯನ, ಅದನ್ನು ಒಪ್ಪಬೇಕು. 2020ರಲ್ಲಿ ಸ್ವೀಡನ್‌ನ ಲಾಟರಿ ವಿಜೇತರ ಬಗ್ಗೆ ಬಂದ ದೊಡ್ಡ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಹಣ ಬಂದವರಿಗೆ ‘ಒಟ್ಟಾರೆ ನನ್ನ ಬದುಕು ಚೆನ್ನಾಗಿದೆ’ ಎಂಬ ತೃಪ್ತಿ ವರ್ಷಗಟ್ಟಲೆ ಉಳಿದಿತ್ತು. ಆದರೆ ಅದರಲ್ಲೂ ಗಮನಿಸುವ ಒಂದು ಅಂಶ ಇದೆ. ತೃಪ್ತಿ ಹೆಚ್ಚಿದಷ್ಟು ದಿನನಿತ್ಯದ ಸಂತೋಷ ಹೆಚ್ಚಲಿಲ್ಲ. ಎರಡೂ ಬೇರೆಬೇರೆ ಅಳತೆಗಳು. ದಿನ ಹೇಗಿತ್ತು ಎಂಬುದನ್ನು ಆ ದಿನದೊಳಗೆ ಏನಿತ್ತು ಎಂಬುದೇ ಹೆಚ್ಚಾಗಿ ತೀರ್ಮಾನಿಸುತ್ತದೆ.

ದಿನದೊಳಗೆ ಏನಿರುತ್ತದೆ? ಅರ್ಧದಷ್ಟು ಹೊತ್ತು ನಾವೇ ಅಲ್ಲಿರುವುದಿಲ್ಲ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2250 ಜನರ ಫೋನಿಗೆ ದಿನದ ಯಾವುದೋ ಒಂದು ಹೊತ್ತಿನಲ್ಲಿ ಪ್ರಶ್ನೆ ಕಳಿಸುತ್ತಿದ್ದರು. ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಹೇಗನಿಸುತ್ತಿದೆ. ಉತ್ತರಗಳಲ್ಲಿ ಶೇ 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಜನರ ಸಂತೋಷ ಕಡಿಮೆ ಇತ್ತು. ಒಳ್ಳೆಯ ವಿಷಯವನ್ನೇ ನೆನೆಯುತ್ತಿದ್ದರೂ, ಕೈಯಲ್ಲಿದ್ದ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಹೆಚ್ಚು ಖುಷಿಯೇನೂ ಇರಲಿಲ್ಲ. ಬೆಳಗಿನ ಆ ಜೋರು ಮಾತು ಮಧ್ಯಾಹ್ನದವರೆಗೆ ಬದುಕಿರುವುದು ಈ ಅಲೆದಾಟದಲ್ಲೇ.

ನಾನು ಹವ್ಯಾಸಕ್ಕೆ ಬಂದದ್ದು ಈ ದಾರಿಯಲ್ಲಿ. ನನ್ನದು ಕ್ರೋಶಾ. ಒಂದು ಕಡ್ಡಿ, ಒಂದು ಉಂಡೆ ಉಲ್ಲನ್. ಕುಣಿಕೆಯೊಳಗೆ ಕಡ್ಡಿ ಹಾಕಿ, ನೂಲು ಎಳೆದು, ಇನ್ನೊಂದು ಕುಣಿಕೆ. ಎಣಿಕೆ ತಪ್ಪಿದರೆ ಆಕಾರ ತಪ್ಪುತ್ತದೆ, ಹಾಗಾಗಿ ಮನಸ್ಸು ಬಹಳ ದೂರ ಹೋಗುವಂತಿಲ್ಲ. ತಪ್ಪಾದರೂ ಪರವಾಗಿಲ್ಲ, ಎಳೆದರೆ ಸರಸರ ಬಿಚ್ಚಿಕೊಳ್ಳುತ್ತದೆ, ಅದೇ ನೂಲಿನಲ್ಲಿ ಮತ್ತೆ ಹಾಕಬಹುದು. ದಿನವಿಡೀ ಮಾಡಿದ ತಪ್ಪುಗಳಲ್ಲಿ ಹೀಗೆ ಬಿಚ್ಚಿ ಸರಿಮಾಡಬಹುದಾದದ್ದು ಇದೊಂದೇ ಎಂದು ಎಷ್ಟೋ ಸಂಜೆ ಅನಿಸಿದೆ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳನ್ನು ಗಮನಿಸುತ್ತಿದ್ದರು. ಆ ವಿದ್ಯಾರ್ಥಿಗಳು ಹಸಿವು, ಆಯಾಸ ಮರೆತು ಚಿತ್ರ ಬರೆಯುತ್ತಿದ್ದರು. ಚಿತ್ರ ಮುಗಿದ ಕೂಡಲೇ ಅದನ್ನು ಗೋಡೆಗೆ ಒರಗಿಸಿಟ್ಟು ಮುಂದಿನದಕ್ಕೆ ಕೈಹಾಕುತ್ತಿದ್ದರು. ಮುಗಿದ ಚಿತ್ರದ ಮೇಲೆ ಅಷ್ಟೇನೂ ಆಸೆ ಇರಲಿಲ್ಲ. ಹಾಗಾದರೆ ಅವರನ್ನು ಹಿಡಿದಿಟ್ಟದ್ದು ಬರೆಯುವ ಕೆಲಸವೇ. ಈ ಮೈಮರೆಯುವ ಸ್ಥಿತಿಯನ್ನು ಚಿಕ್‌ಸೆಂಟ್‌ಮಿಹಾಯಿ ಮುಂದೆ ದಶಕಗಳ ಕಾಲ ಅಧ್ಯಯನ ಮಾಡಿದರು. ಪೇಜರ್ ಬಂದ ಮೇಲೆ ಜನರಿಗೆ ಅದನ್ನು ಕೊಟ್ಟು, ಅದು ಬಡಿದುಕೊಂಡಾಗಲೆಲ್ಲ ಆ ಕ್ಷಣದ ಅನುಭವ ಬರೆಸಿಕೊಂಡರು. ಕೆಲಸ ನಮ್ಮ ಕೈಚಳಕಕ್ಕೆ ತಕ್ಕಷ್ಟು ಕಷ್ಟ ಇರಬೇಕು, ಮುಂದಿನ ಹೆಜ್ಜೆ ಏನು ಎಂದು ಗೊತ್ತಿರಬೇಕು, ಸರಿಯೋ ತಪ್ಪೋ ಕೂಡಲೇ ಕಾಣಬೇಕು. ಆಗ ಮೈಮರೆವು ಸಿಗುತ್ತದೆ ಎಂದು ಅವರು ಕಂಡುಕೊಂಡರು. ತೀರಾ ಸುಲಭವಾದರೆ ಬೇಸರ, ತೀರಾ ಕಷ್ಟವಾದರೆ ಆತಂಕ.

ಕೂತು ಹಾಕುವಷ್ಟು ಹೊತ್ತು ಮನಸ್ಸು ಹಗುರಾಗುತ್ತದೆ, ಸರಿ. ಎದ್ದ ಮೇಲೆ? ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದ ಟ್ಯಾಮ್ಲಿನ್ ಕಾನರ್ ಮತ್ತು ಜೊತೆಗಾರರು 658 ಯುವಜನರಿಂದ 13 ದಿನ ದಿನಚರಿ ಬರೆಸಿದರು. ಇವತ್ತು ಎಷ್ಟು ಹೊತ್ತು ಸೃಜನಶೀಲ ಕೆಲಸ ಮಾಡಿದಿರಿ, ಮನಸ್ಸು ಹೇಗಿತ್ತು ಎಂದಷ್ಟೇ. ಅವರು ಬರೆದುಕೊಂಡ ಕೆಲಸಗಳಲ್ಲಿ ಹಾಡು ಕಟ್ಟುವುದು, ಕವಿತೆ, ಚಿತ್ರ, ಹೊಸ ಅಡುಗೆ ಇವುಗಳ ಜೊತೆ ಹೆಣಿಗೆ, ಕ್ರೋಶಾ ಕೂಡ ಇದ್ದವು. ಎಂದಿಗಿಂತ ಹೆಚ್ಚು ಏನಾದರೂ ಮಾಡಿದ ದಿನದ ಮರುದಿನ ಜನ ಹೆಚ್ಚು ಹುರುಪಿನಿಂದ ಇದ್ದರು. ನನಗೆ ಬಹಳ ಮುಖ್ಯ ಅನಿಸಿದ್ದು ಇದರ ತಿರುವುಮುರುವು ಪ್ರಶ್ನೆ. ಇವತ್ತು ಖುಷಿಯಾಗಿದ್ದವರು ನಾಳೆ ಹೆಚ್ಚು ಸೃಜನಶೀಲರಾಗಿದ್ದರೇ? ಹಾಗೆ ಕಾಣಲಿಲ್ಲ. ‘ಮೂಡ್ ಬಂದಾಗ ಕೂರುತ್ತೇನೆ’ ಎನ್ನುವವರು ಇದನ್ನು ಗಮನಿಸಬೇಕು. ಕೂತ ಮೇಲೆಯೇ ಮೂಡ್ ಬರುತ್ತದೆ, ಅದೂ ಮರುದಿನಕ್ಕೆ ಉಳಿಯುವಷ್ಟು.

‘ನನಗೆ ಚಿತ್ರ ಬರೆಯಲು ಬರಲ್ಲ’ ಎಂದು ಹಿಂಜರಿಯುವವರಿಗೆ ಗಿರಿಜಾ ಕೈಮಲ್ ಅವರ ಕೆಲಸ ಧೈರ್ಯ ಕೊಡುತ್ತದೆ. ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಅವರು 39 ಜನರ ಮುಂದೆ ಬಣ್ಣದ ಪೆನ್ನು, ಜೇಡಿಮಣ್ಣು, ಅಂಟಿಸುವ ಕಾಗದಗಳನ್ನು ಇಟ್ಟು 45 ನಿಮಿಷ ಇಷ್ಟ ಬಂದದ್ದು ಮಾಡಿ ಎಂದರು. ಮೊದಲು ಮತ್ತು ಕೊನೆಗೆ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಒತ್ತಡದ ಹೊತ್ತಿನಲ್ಲಿ ರಕ್ತಕ್ಕೆ ಬಿಡುವ ಹಾರ್ಮೋನು ಇದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆಯ ಅಭ್ಯಾಸ ಇದ್ದವರು, ಇಲ್ಲದವರು ಎಂಬ ವ್ಯತ್ಯಾಸ ಕಾಣಲಿಲ್ಲ. ಹೋಲಿಸಿ ನೋಡಲು ಸುಮ್ನೆ ಕೂತವರ ಇನ್ನೊಂದು ಗುಂಪು ಇರಲಿಲ್ಲ ಎಂಬುದು ಇದರ ಕೊರತೆ. ಆದರೂ ಕೈ ಪಳಗಿರಲೇಬೇಕೆಂಬ ಷರತ್ತು ಇಲ್ಲ ಎಂಬುದು ನನ್ನ ಅನುಭವಕ್ಕೂ ಹೊಂದುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಬಹುಮಾನದ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇದ್ದ ಪತ್ರ. ಮಕ್ಕಳು ಬರೆದರು, ಪತ್ರ ಪಡೆದರು. ಒಂದೆರಡು ವಾರದ ನಂತರ ತರಗತಿಯಲ್ಲಿ ಬಣ್ಣದ ಪೆನ್ನುಗಳನ್ನು ಸುಮ್ನೆ ಇಟ್ಟು ನೋಡಿದಾಗ, ಆ ಮಕ್ಕಳು ಅವುಗಳ ಜೊತೆ ಕಳೆದ ಹೊತ್ತು ಉಳಿದ ಮಕ್ಕಳದ್ದರ ಸುಮಾರು ಅರ್ಧ. ಆಸೆಯಿಂದ ಮಾಡುತ್ತಿದ್ದದ್ದು ಬಹುಮಾನಕ್ಕಾಗಿ ಮಾಡುವ ಕೆಲಸವಾಗಿಬಿಟ್ಟಿತ್ತು. ಹೆಣೆದ ಪ್ರತಿಯೊಂದರ ಫೋಟೋ ಹಾಕಿ ಎಷ್ಟು ಜನ ಮೆಚ್ಚಿದರು ಎಂದು ಎಣಿಸುವ ಅಭ್ಯಾಸವನ್ನು ನಾನು ಬಿಟ್ಟದ್ದು ಇದನ್ನು ಓದಿದ ಮೇಲೆ. ಹಾಕಿದ್ದನ್ನು ಈಗ ಯಾರಿಗಾದರೂ ಕೊಟ್ಟುಬಿಡುತ್ತೇನೆ.

ಕೊಡುವಾಗ ಒಂದು ಸಂಕೋಚ ಇರುತ್ತದೆ. ಇಷ್ಟು ಚಿಕ್ಕದ್ದನ್ನು ಹೇಗೆ ಕೊಡುವುದು, ಅವರು ಏನಂದುಕೊಳ್ಳುತ್ತಾರೋ ಎಂದು. ಈ ಸಂಕೋಚವನ್ನೇ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅಳೆದು ನೋಡಿದ್ದಾರೆ. ಶಿಕಾಗೊದ ಒಂದು ಐಸ್ ಸ್ಕೇಟಿಂಗ್ ಅಂಗಳದಲ್ಲಿ ಚಳಿಗೆ ಬಂದವರ ಕೈಗೆ ಒಂದು ಲೋಟ ಬಿಸಿ ಚಾಕೊಲೇಟ್ ಕೊಟ್ಟರು. ನೀವೇ ಕುಡಿಯಬಹುದು, ಇಲ್ಲವೇ ಅಲ್ಲಿರುವ ಅಪರಿಚಿತರೊಬ್ಬರಿಗೆ ಕೊಡಿಸಬಹುದು ಎಂದರು. ಕೊಡಲು ಒಪ್ಪಿದವರನ್ನು ಪಡೆದವರಿಗೆ ಎಷ್ಟು ಖುಷಿಯಾಗಬಹುದು ಎಂದು ಕೇಳಿದರು. ಪಡೆದವರನ್ನು ನಿಜಕ್ಕೂ ಎಷ್ಟು ಖುಷಿಯಾಯಿತು ಎಂದು ಕೇಳಿದರು. ಕೊಟ್ಟವರ ಅಂದಾಜಿಗಿಂತ ಪಡೆದವರ ಖುಷಿ ಹೆಚ್ಚಾಗಿತ್ತು. 2022ರಲ್ಲಿ ಪ್ರಕಟವಾದ ಈ ಅಧ್ಯಯನದ ಉಳಿದ ಪ್ರಯೋಗಗಳೂ ಇದನ್ನೇ ಹೇಳಿದವು. ಅವರು ಕೊಡುವ ಕಾರಣ ನನಗೆ ಸರಿಯೆನಿಸುತ್ತದೆ. ಕೊಡುವವರು ವಸ್ತುವನ್ನು ನೋಡುತ್ತಾರೆ, ಅದು ಬರೀ ಒಂದು ಲೋಟ. ಪಡೆಯುವವರಿಗೆ ಕಾಣುವುದು, ಯಾರೋ ಒಬ್ಬರು ತಮ್ಮನ್ನು ನೆನೆದರು ಎಂಬುದು. ಇನ್ನೊಂದು ಪ್ರಯೋಗದಲ್ಲಿ, ಹೀಗೆ ಏನಾದರೂ ಪಡೆದವರು ನಂತರ ಗುರುತಿಲ್ಲದ ಇನ್ನೊಬ್ಬರ ಜೊತೆ ಹಣ ಹಂಚಿಕೊಳ್ಳುವಾಗಲೂ ಹೆಚ್ಚು ಧಾರಾಳವಾಗಿದ್ದರು. ಕೊಟ್ಟವರು ಇದನ್ನೂ ಊಹಿಸಿರಲಿಲ್ಲ.

ಕೊಟ್ಟವರಿಗೆ ಏನು ಸಿಗುತ್ತದೆ? 2008ರಲ್ಲಿ ಎಲಿಜಬೆತ್ ಡನ್ ಮತ್ತು ಜೊತೆಗಾರರು 46 ಜನರಿಗೆ 5 ಅಥವಾ 20 ಡಾಲರ್ ಕೊಟ್ಟು, ಸಂಜೆಯೊಳಗೆ ತಮಗಾಗಿಯೋ ಬೇರೆಯವರಿಗಾಗಿಯೋ ಖರ್ಚು ಮಾಡಲು ಹೇಳಿದರು. ಬೇರೆಯವರಿಗೆ ಖರ್ಚು ಮಾಡಿದವರು ಸಂಜೆಗೆ ಹೆಚ್ಚು ಖುಷಿಯಾಗಿದ್ದರು. ಹಣ ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಸಾವಿರಾರು ಜನರ ಜೊತೆ ಇಂಥ ಪ್ರಯೋಗಗಳನ್ನು 2020ರಲ್ಲಿ ಮತ್ತೆ ಮಾಡಿದಾಗಲೂ ಪರಿಣಾಮ ಸಿಕ್ಕಿತು, ಆದರೆ ಬಹಳ ದೊಡ್ಡದೇನಲ್ಲ. ನನಗೆ ಅದರಿಂದ ನಿರಾಸೆಯಾಗಲಿಲ್ಲ. ಒಂದು ಕಿರಿಕಿರಿಯ ಪರಿಣಾಮವೂ ಚಿಕ್ಕದೇ.

ಕಿರಿಕಿರಿ ಮತ್ತು ಕರುಣೆ ಒಂದೇ ದಿನದಲ್ಲಿ ಎದುರಾದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. 2016ರಲ್ಲಿ ಬಂದ ಅಧ್ಯಯನವೊಂದರಲ್ಲಿ 77 ಜನ 14 ದಿನ ಪ್ರತಿ ರಾತ್ರಿ ತಮ್ಮ ಒತ್ತಡಗಳನ್ನು, ಮಾಡಿದ ಸಣ್ಣ ಸಹಾಯಗಳನ್ನು ಬರೆದರು. ಬಾಗಿಲು ಹಿಡಿದು ನಿಂತದ್ದು, ಓದಿನಲ್ಲಿ ನೆರವಾದದ್ದು, ‘ಏನಾದರೂ ಬೇಕಾ’ ಎಂದು ಕೇಳಿದ್ದು ಇಂಥವೇ. ಒತ್ತಡ ಹೆಚ್ಚಿದ ದಿನ ಮನಸ್ಸು ಕುಗ್ಗುವುದು ಸಹಜ. ಆದರೆ ಆ ದಿನವೂ ಹೆಚ್ಚು ಸಹಾಯ ಮಾಡಿದವರ ಮನಸ್ಸು ಅಷ್ಟಾಗಿ ಕುಗ್ಗಿರಲಿಲ್ಲ. ಕೆಟ್ಟ ದಿನ ಬಂದಾಗ ನಮ್ಮೊಳಗೇ ಮುದುಡಿಕೊಳ್ಳುತ್ತೇವೆ, ಇನ್ನೊಬ್ಬರನ್ನು ವಿಚಾರಿಸುವುದು ಆಗ ಕೊನೆಯ ಯೋಚನೆ. ಅಂಥ ದಿನವೇ ಅದು ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ.

ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ದಿನಕ್ಕೆ ಮೂರು ಸಲವಾದರೂ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಾರೆ. ಅವರಿಗಾಗಿ ಒಂದು ಕನ್ನಡಕದ ಚೀಲ ಹಾಕುತ್ತಿದ್ದೇನೆ, ಕುತ್ತಿಗೆಗೆ ತೂಗುಹಾಕಿಕೊಳ್ಳುವಂಥದ್ದು. ದೂರದಿಂದಲೇ ಕಾಣಲಿ ಎಂದು ಅರಿಸಿನ ಬಣ್ಣದ ಉಲ್ಲನ್ ತೆಗೆದುಕೊಂಡಿದ್ದೇನೆ. ನಿನ್ನೆ ಎಣಿಕೆ ತಪ್ಪಿ ನಾಲ್ಕು ಸಾಲು ಬಿಚ್ಚಿದೆ. ಇವತ್ತು ಮತ್ತೆ ಹಾಕಿದೆ. ಇನ್ನು ಆರು ಸಾಲು ಮತ್ತು ದಾರ ಬಾಕಿ ಇದೆ.